ಒಂದು ಕೆ.ಜಿ.ಯ ಲೆಕ್ಕ

ಹಳ್ಳಿ ಡೈರಿಗಳ ಲೆಕ್ಕ ನೋಡುವವನಿಗೆ ಹುಣಸೂರಿನಲ್ಲಿ ಮನೆಯಿರುವುದು ದೊಡ್ಡ ಅನುಕೂಲ. ಒಂದು ಕಡೆ ಪಿರಿಯಾಪಟ್ಟಣ, ಇನ್ನೊಂದು ಕಡೆ ಕೆ.ಆರ್. ನಗರ, ಮತ್ತೊಂದು ಕಡೆ ಎಚ್.ಡಿ. ಕೋಟೆ. ಬೆಳಗಿನ ಬಸ್ಸು ಹಿಡಿದು ಹೋದರೆ ಸಂಜೆ ಜನ ಹಾಲು ಹಾಕಲು ಬರುವಷ್ಟರಲ್ಲಿ ಕೆಲಸ ಮುಗಿಸಿ ಎದ್ದುಬಿಡಬಹುದು. ಅನನುಕೂಲವೇನಿದ್ದರೂ ಹೆಗಲಿನದು. ಹದಿನೈದೂವರೆ ಇಂಚಿನ ಲ್ಯಾಪ್‌ಟಾಪು, ಅದರ ದಪ್ಪ ಚಾರ್ಜರು, ಫೈಲು, ಊಟದ ಡಬ್ಬಿ, ನೀರಿನ ಬಾಟಲಿ ಎಲ್ಲವೂ ಒಂದೇ ಚೀಲದಲ್ಲಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಕೆಂಪು ಬಸ್ಸಿನಲ್ಲಿ ಸೀಟಿನ ಆಸೆ ಬಿಟ್ಟಿದ್ದೇನೆ. ಹೆಣ್ಣುಮಕ್ಕಳು ತಿರುಗಾಡಲಿ, ಸಂತೋಷವೇ. ಆದರೆ ಕಂಬಿ ಹಿಡಿದು ನಿಂತವನಿಗೆ ಒಂದು ಕೆ.ಜಿ. ಎಂದರೆ ಎಷ್ಟು ಎಂಬುದು ಬಿಳಿಕೆರೆ ದಾಟುವ ಮೊದಲೇ ಗೊತ್ತಾಗುತ್ತದೆ.

ಹಾಗೆ ಬಂದದ್ದು ಹದಿಮೂರು ಇಂಚಿನ ಚಿಕ್ಕ ಲ್ಯಾಪ್‌ಟಾಪು. ತೂಕ ಒಂದು ಕೆ.ಜಿ.ಯ ಆಸುಪಾಸು. ಮೊದಲ ಸಲ ಮೇಜಿನ ಮೇಲಿಟ್ಟಾಗ ಡೈರಿ ಸೆಕ್ರೆಟರಿ ಕಣ್ಣರಳಿಸಿ, "ಇದೇನ್ ಸಾ, ಮಗೀನ ಸ್ಲೇಟಂಗದೆ!" ಎಂದರು. ಬಸ್ಸಿನಲ್ಲಿ ಅಪ್ಪಿತಪ್ಪಿ ಸೀಟು ಸಿಕ್ಕರೆ ತೊಡೆಯ ಮೇಲೆ ಪೂರ್ತಿ ತೆರೆದುಕೊಳ್ಳುತ್ತದೆ, ಪಕ್ಕದವರ ಮೊಣಕೈಗೆ ತಾಗುವುದಿಲ್ಲ. ಕರೆಂಟು ಹೋದರೂ ಚಿಂತೆಯಿಲ್ಲ. ಡೈರಿಯ ಯುಪಿಎಸ್ ಇರುವುದು ಹಾಲು ಅಳೆಯುವ ಯಂತ್ರಕ್ಕೆ, ಆಡಿಟರಿಗಲ್ಲ. ಹಳೆಯದು ಎರಡು ಗಂಟೆಗೇ ಕೈಚೆಲ್ಲುತ್ತಿತ್ತು, ಇದು ಮಧ್ಯಾಹ್ನದ ಊಟ ದಾಟಿಸುತ್ತದೆ. ಟೈಪ್-ಸಿ ಚಾರ್ಜರು ಒಂದೇ ಇದ್ದರೆ ಫೋನಿಗೂ ಆಯಿತು, ಇದಕ್ಕೂ ಆಯಿತು.

ಆದರೆ ಲೆಕ್ಕದವನ ಬಲಗೈಗೆ ಬೇಕಾದದ್ದೇ ಇದರಲ್ಲಿಲ್ಲ. ದೊಡ್ಡ ಲ್ಯಾಪ್‌ಟಾಪಿನ ಬಲತುದಿಯಲ್ಲಿ ಅಂಕಿಗಳದೇ ಒಂದು ಪುಟ್ಟ ಚೌಕವಿರುತ್ತದಲ್ಲ, ನಂಬರ್ ಪ್ಯಾಡು, ಅದಕ್ಕೆ ಇಲ್ಲಿ ಜಾಗವೇ ಇಲ್ಲ. ಅದರ 5ರ ಮೇಲೆ ಒಂದು ಸಣ್ಣ ಉಬ್ಬು. ನಡುಬೆರಳು ಆ ಉಬ್ಬನ್ನು ಮುಟ್ಟಿ ಕೂತರೆ ಮಿಕ್ಕ ಅಂಕಿಗಳ ದಾರಿ ಬೆರಳುಗಳಿಗೇ ಗೊತ್ತು. ಕಣ್ಣು ರಿಜಿಸ್ಟರಿನ ಮೇಲೇ ಇರಬಹುದು. ಲೀಟರು, ಫ್ಯಾಟು, ಎಸ್‌ಎನ್‌ಎಫ್, ದರ, ಮೊತ್ತ ಎಂದು ಒಂದೊಂದು ಹೆಸರಿನ ಮುಂದೆ ಅಂಕಿ ಹೊಡೆಯುತ್ತ ಹೋಗುವಾಗ ಈ ಉಬ್ಬಿನ ಬೆಲೆ ತಿಳಿಯುತ್ತದೆ. ಮೇಲಿನ ಸಾಲಿನ ಅಂಕಿಗಳನ್ನೇ ನೆಚ್ಚಿಕೊಂಡರೆ ತಲೆ ಏಳುತ್ತದೆ, ಬೀಳುತ್ತದೆ, ಸಾಲು ತಪ್ಪುತ್ತದೆ. ಪರದೆಯೂ ಅಷ್ಟೇ: ಎಕ್ಸೆಲ್‌ನ ಒಟ್ಟು ಮೊತ್ತದ ಕಾಲಮ್ಮು ಸದಾ ಬಲಗಡೆ ಮರೆಯಾಗಿರುತ್ತದೆ. ಅಕ್ಷರ ಚಿಕ್ಕದು ಮಾಡಿದರೆ ಕಾಲಮ್ಮು ಬರುತ್ತದೆ, ಕಣ್ಣು ಹೋಗುತ್ತದೆ. ಚಾಳೀಸು ಬಂದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ನಂಬರ್ ಪ್ಯಾಡು ಬೇರೆಯಾಗಿ ಸಿಗುತ್ತದೆ, ಬೆಲೆಯೂ ಹೆಚ್ಚಲ್ಲ. ಸಿಕ್ಕಿಸಲು ತೂತೆಲ್ಲಿ? ಇದಕ್ಕಿರುವುದು ಎರಡೇ ಟೈಪ್-ಸಿ. ಸೆಕ್ರೆಟರಿಯ ಪೆನ್ ಡ್ರೈವು, ಡೈರಿಯ ಪ್ರಿಂಟರಿನ ವೈರು ಎರಡೂ ಹಳೆಯ ಅಗಲ ಮೂತಿಯವು. ಅದಕ್ಕೊಂದು ಹಬ್ಬು. ಅದು ಮನೆಯಲ್ಲೇ ಉಳಿದ ದಿನ ಅಷ್ಟು ದೂರ ಬಂದದ್ದೂ ದಂಡ. ಹಬ್ಬು, ಪ್ಯಾಡು, ಮೌಸು ಎಲ್ಲ ಸೇರಿದಾಗ ಚೀಲದಿಂದ ಇಳಿದಿದ್ದ ತೂಕದಲ್ಲಿ ಕಾಲುಪಾಲು ಮತ್ತೆ ಹತ್ತಿ ಕೂತಿರುತ್ತದೆ.

ಇದೇನೂ ಹೊಸ ಗೋಳಲ್ಲ. 2007ರಲ್ಲಿ ಏಸಸ್ ಕಂಪನಿ ಈ ಪಿಸಿ ಎಂಬ ಏಳಿಂಚಿನ ಪುಟಾಣಿ ತಂದಿತು. ಅಗ್ಗವೇನೋ ಹೌದು, ಕೀಲಿಗಳು ಮಾತ್ರ ಮಕ್ಕಳ ಬೆರಳಿಗೇ ಸರಿ. 2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಕಾಗದದ ಲಕೋಟೆಯಿಂದ ಮ್ಯಾಕ್‌ಬುಕ್ ಏರ್ ಹೊರತೆಗೆದಾಗ ಜಗತ್ತು ಚಪ್ಪಾಳೆ ತಟ್ಟಿತು. ಅದರಲ್ಲಿ ಸಿ.ಡಿ. ಡ್ರೈವಿಲ್ಲ, ಯುಎಸ್‌ಬಿ ಒಂದೇ, ರ್‍ಯಾಮು ಬೋರ್ಡಿಗೇ ಬೆಸುಗೆ. ತೆಳುವಾಗಲು ಏನೇನು ಬಿಡಬೇಕೆಂಬ ಪಟ್ಟಿ ಅಂದೇ ತಯಾರಾಗಿತ್ತು. ನಮ್ಮ ಬೆಂಗಳೂರೇನೂ ಹಿಂದೆ ಬಿದ್ದಿರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸೇರಿ ರೂಪಿಸಿದ ಅಂಗೈ ಕಂಪ್ಯೂಟರು ಸಿಂಪ್ಯೂಟರ್. ಹಳ್ಳಿಯವರ ಕೈಗೂ ಎಟುಕಲಿ ಎಂಬುದು ಆಸೆ. 2004ರಲ್ಲಿ ಬಿಇಎಲ್ ಅದನ್ನು ಅಮಿಡಾ ಹೆಸರಿನಲ್ಲಿ ತಯಾರಿಸಿತು. ಆಮೇಲೆ ಮೊಬೈಲು ಬಂದು ಆ ಜಾಗದಲ್ಲಿ ಕೂತಿತು. ಚಿಕ್ಕದಾದರೆ ಸಾಲದು, ಮಾಡುವ ಕೆಲಸಕ್ಕೆ ಒದಗಬೇಕು.

ಆ ಬೆಸುಗೆಯ ಮಾತಿಗೆ ಮರಳುತ್ತೇನೆ, ತಾಲ್ಲೂಕಿನಲ್ಲಿರುವವರಿಗೆ ನಿಜವಾದ ಪೇಚು ಅಲ್ಲೇ ಇರುವುದು. ಹಳೆಯ ದಪ್ಪ ಲ್ಯಾಪ್‌ಟಾಪು ನಿಧಾನವಾದರೆ ಹುಣಸೂರಿನ ರಿಪೇರಿ ಅಂಗಡಿಯ ಹುಡುಗ ಸ್ಕ್ರೂ ಬಿಚ್ಚಿ, ಧೂಳು ಊದಿ, ರ್‍ಯಾಮು ಹಾಕಿ, ಚಹಾ ಕುಡಿಯುವಷ್ಟರಲ್ಲಿ ಕೈಗಿಡುತ್ತಿದ್ದ. ಇದನ್ನು ಅದೇ ಹುಡುಗ ಹಿಂದೆಮುಂದೆ ತಿರುಗಿಸಿ ನೋಡಿ, "ಮೈಸೂರಿಗೇ ತಕೊಂಡೋಗಿ ಸಾ" ಅನ್ನುತ್ತಾನೆ. ಮೈಸೂರಿನವರು ಬೋರ್ಡೇ ಬದಲಿಸಬೇಕು ಅನ್ನುತ್ತಾರೆ. ಹಗುರಾದದ್ದಕ್ಕೆ ಬಸ್ ಚಾರ್ಜೂ ಸೇರಿಸಿ ಲೆಕ್ಕ ಹಾಕಬೇಕು.

ಅಗ್ಗದ ಚಿಕ್ಕವುಗಳ ಕಥೆ ಇನ್ನೂ ಬೇರೆ. 64 ಜಿಬಿ ಎಂದು ಬರೆದಿರುವುದನ್ನು ವಿಂಡೋಸೂ ಅದರ ಅಪ್‌ಡೇಟುಗಳೂ ಸೇರಿಯೇ ಬಹುಪಾಲು ತಿಂದು ಮುಗಿಸುತ್ತವೆ. ಕೆಲವು ಎಸ್ ಮೋಡ್‌ನಲ್ಲಿ ಬರುತ್ತವೆ. ಮೈಕ್ರೋಸಾಫ್ಟ್ ಅಂಗಡಿಯಿಂದ ಇಳಿಸಿದ್ದನ್ನು ಬಿಟ್ಟು ಬೇರೇನನ್ನೂ ಒಳಗೆ ಬಿಡುವುದಿಲ್ಲ. ಪೆನ್ ಡ್ರೈವಿನಿಂದ ನುಡಿ ಹಾಕಲು ಹೋದವರು ಬೆಪ್ಪಾಗುತ್ತಾರೆ. ಸೆಟ್ಟಿಂಗ್ಸ್‌ಗೆ ಹೋಗಿ ಅದರಿಂದ ಹೊರಬರಬಹುದು, ಖರ್ಚಿಲ್ಲ. ಹೊರಬಂದಮೇಲೆ ಹಿಂದಕ್ಕೆ ಹೋಗಲಾಗದು, ಹೋಗುವ ಅಗತ್ಯವೂ ಕಾಣೆ.

ಇಷ್ಟೆಲ್ಲ ದೂರಿದರೂ ನಾಳೆ ಕೋಟೆ ಬಸ್ಸಿಗೆ ನಾನು ಒಯ್ಯುವುದು ಚಿಕ್ಕದನ್ನೇ. ಹಳೆಯದು ಮನೆಯ ಮೇಜಿನ ಮೇಲಿದೆ, ಮಾರ್ಚ್ ಕಳೆದ ಮೇಲಿನ ದೊಡ್ಡ ಲೆಕ್ಕಗಳೆಲ್ಲ ಅದರಲ್ಲೇ. ಒಂದನ್ನೇ ಕೊಳ್ಳುವವರು ಮೊದಲು ತಮ್ಮ ವಾರದ ಓಡಾಟ ನೋಡಿಕೊಳ್ಳಿ. ಒಂದೇ ಕಡೆ ಕೂತು ಕೆಲಸ ಮಾಡುವವರಾದರೆ ಅದೇ ದುಡ್ಡಿಗೆ ನಂಬರ್ ಪ್ಯಾಡಿರುವ ದೊಡ್ಡದು ತೆಗೆದುಕೊಳ್ಳಿ, ಬೆನ್ನು ಹೇಗೂ ಕುರ್ಚಿಗೆ ಆನಿಕೊಂಡಿರುತ್ತದೆ. ದಿನಾ ಬಸ್ಸು ಹತ್ತುವವರು ಚಿಕ್ಕದನ್ನೇ ಕೊಳ್ಳಿ. ಆದರೆ ಅಗಲ ಮೂತಿಯ ಯುಎಸ್‌ಬಿ ಒಂದಾದರೂ ಇದೆಯೇ ಎಂದು ಅಂಗಡಿಯಲ್ಲೇ ನೋಡಿ, ಮತ್ತು ರ್‍ಯಾಮು 16 ಜಿಬಿ ಇರುವುದನ್ನೇ ಕೇಳಿ. ಬೆಸುಗೆ ಹಾಕಿದ್ದಕ್ಕೆ ಆಮೇಲೆ ಸೇರಿಸಲು ಬರುವುದಿಲ್ಲ.