ಸೈಕಲ್ ಸವಾರನಿಗೆ ಮುಂಬಯಿಯ ರಾತ್ರಿಯೂಟ

ಸೈಕಲ್ಲಿನಲ್ಲಿ ದೂರ ಹೋಗುವವರಿಗೆ ಮುಂಬಯಿಯಲ್ಲಿ ಬೆಳಗಿನ ತಿಂಡಿಯ ಚಿಂತೆಯಿಲ್ಲ. ವಡಾಪಾವ್, ಪೋಹೆ, ಇಡ್ಲಿ, ಕಟಿಂಗ್ ಚಹಾ ಮೂಲೆಮೂಲೆಗೂ ಸಿಗುತ್ತವೆ. ಕಷ್ಟವಿರುವುದು ರಾತ್ರಿಯೂಟದ್ದು. ಎಂಬತ್ತು ಕಿಲೋಮೀಟರ್ ತುಳಿದು ಬಂದ ಮೈ ಅನ್ನ, ಸಾರು, ಪಲ್ಯ, ಮಜ್ಜಿಗೆ ಕೇಳುತ್ತದೆ. ಆ ಹೊತ್ತಿಗೆ ಬೀದಿಯಲ್ಲಿ ಕಾಣುವುದು ಪಾವ್‌ಭಾಜಿ, ಚೈನೀಸ್ ಗಾಡಿ ಮತ್ತು ಬಾರು.

ಆದ್ದರಿಂದ ನಾನು ಮೊದಲು ಊಟದ ಜಾಗ ಗೊತ್ತು ಮಾಡಿಕೊಂಡು, ಆಮೇಲೆ ದಿನದ ದೂರ ಲೆಕ್ಕ ಹಾಕುತ್ತೇನೆ. ದಹಿಸರ್ ಕಡೆಯಿಂದ ನಗರಕ್ಕೆ ಬಂದು ಊರಿನತ್ತ ಹೋಗುವವರಿಗೆ ದಾರಿಯೇ ಇದಕ್ಕೆ ಸಹಾಯ ಮಾಡುತ್ತದೆ. ಬಾಂದ್ರಾ-ವರ್ಲಿ ಸೀ ಲಿಂಕ್, ಅಟಲ್ ಸೇತು ಎರಡರಲ್ಲೂ ಸೈಕಲ್ಲಿಗೆ ಪ್ರವೇಶವಿಲ್ಲ. ಎಸ್.ವಿ. ರೋಡಿನಲ್ಲಿ ಬೊರಿವಲಿ, ಅಂಧೇರಿ, ಬಾಂದ್ರಾ ದಾಟಿ ಮಾಹಿಮ್‌ಗೆ ಬಂದರೆ ಮಾಟುಂಗಾ ಹತ್ತಿರವೇ.

ಮಾಟುಂಗಾ ನಮ್ಮವರಿಗೆ ಹೊಸದೇನಲ್ಲ. ಮೈಸೂರು ಅಸೋಸಿಯೇಷನ್ ಇರುವುದು ಇಲ್ಲೇ. ಸ್ಟೇಷನ್ ಪಕ್ಕದ ಮಾರ್ಕೆಟ್ ಕಟ್ಟಡದ ಮಹಡಿಯಲ್ಲಿ 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಬಾಳೆಲೆ ಊಟ ತೆಗೆದುಕೊಂಡರೆ ಬೇಕೆಂದಷ್ಟು ಬಡಿಸುತ್ತಾರೆ. ಸೈಕಲ್ ತುಳಿದವನ ಹಸಿವಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಊಟದ ಹೊತ್ತು ಮೀರದಂತೆ ಹೋಗಬೇಕು. ಇಬ್ಬರಿದ್ದರೆ ಒಬ್ಬರು ಕೆಳಗೆ ಸೈಕಲ್ಲು, ಚೀಲ ಕಾಯುತ್ತ ನಿಂತು ಸರದಿಯಲ್ಲಿ ಉಣ್ಣುವುದು ಒಳ್ಳೆಯದು.

ಮರುದಿನ ಸಾಯನ್, ಚೆಂಬೂರು, ಮಾನ್‌ಖುರ್ದ್ ದಾಟಿ ವಾಶಿ ಸೇತುವೆಯಿಂದ ಆಚೆ ಹೋದರೆ ರುಚಿಯೇ ಬೇರೆ. ನವಿ ಮುಂಬಯಿ, ಪನ್ವೇಲ್ ಕಡೆಯ ಆಗ್ರಿ-ಕೋಳಿ ಖಾನಾವಳಿಗಳಲ್ಲಿ ಬೊಂಬಿಲ್, ಒಣ ಸೀಗಡಿ, ಅಕ್ಕಿಯ ಭಾಕರಿ ಸಿಗುತ್ತವೆ. ಭಾಕರಿ ಎಂದರೆ ಜೋಳದ್ದು ಎಂದುಕೊಂಡ ವಿಜಯಪುರದ ಗೆಳೆಯ ಅಲ್ಲಿ ಐದು ತಿಂದ! ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಒಣಮೀನಿನ ಸಾರೇ ಲೇಸು. ಪನ್ವೇಲಿನಿಂದ ಮುಂದೆ 66ನೇ ಹೆದ್ದಾರಿ. ಅದು ಕಾರವಾರ, ಕುಂದಾಪುರ, ಉಡುಪಿ ಹಾದು ಮಂಗಳೂರಿಗೆ ಹೋಗುತ್ತದೆ.

ಗುರುತಿಲ್ಲದ ಜಾಗದಲ್ಲಿ ಒಳ್ಳೆಯ ಊಟ ಹುಡುಕಲು ನನ್ನದೊಂದು ಕ್ರಮವಿದೆ. ತಿಂಗಳ ಲೆಕ್ಕದಲ್ಲಿ ಉಣ್ಣುವವರು ಎಲ್ಲಿದ್ದಾರೆ ಎಂದು ವಿಚಾರಿಸುತ್ತೇನೆ. ಅದೇ ಮನುಷ್ಯ ಮೂವತ್ತು ದಿನವೂ ಬಂದು ಕೂರುವ ಕಡೆ ಎಣ್ಣೆ, ಸೋಡಾ ಸುರಿದು ಅಡುಗೆ ಮಾಡಿದರೆ ನಡೆಯುವುದಿಲ್ಲ. ಹೊಟೇಲಿನ ದೊಡ್ಡ ಬೋರ್ಡಿಗಿಂತ ಈ ಗುರುತು ನಂಬಿಕಸ್ಥ.

ಆದರೆ ಅಂಥ ಅಡುಗೆಮನೆಗಳೇ ಕಡಿಮೆಯಾಗುತ್ತಿವೆ. ಸಂಸಾರವನ್ನು ಊರಿನಲ್ಲಿ ಬಿಟ್ಟು ಒಂದು ಕೋಣೆಯಲ್ಲಿ ನಾಲ್ಕೈದು ಜನ ಇರುತ್ತಿದ್ದವರಿಗೆ, ಹಗಲು ದುಡಿದು ರಾತ್ರಿಶಾಲೆಗೆ ಹೋಗುತ್ತಿದ್ದ ನಮ್ಮ ಹುಡುಗರಿಗೆ ಖಾನಾವಳಿಯೇ ಮನೆಯಾಗಿತ್ತು. ಈಗ ಅವರ ಮಕ್ಕಳು ಮನೆಗೇ ಪಾರ್ಸೆಲ್ ತರಿಸುತ್ತಾರೆ. ನಾನು ವರ್ಷಗಟ್ಟಲೆ ಹೋಗುತ್ತಿದ್ದ ಚೆಂಬೂರಿನ ಒಂದು ಖಾನಾವಳಿಯವರು ಮಧ್ಯಾಹ್ನದ ಊಟ ಮಾತ್ರ ಉಳಿಸಿಕೊಂಡಿದ್ದಾರೆ. "ರಾತ್ರಿ ಎಷ್ಟು ಜನ ಬರ್ತಾರೆ ಅಂತ ಗೊತ್ತಾಗುವುದಿಲ್ಲ ಮಾರಾಯ್ರೆ. ಮಾಡಿದ ಅನ್ನ ಉಳಿದರೆ ಏನು ಮಾಡುವುದು?" ಎಂದರು ಯಜಮಾನರು. ಬಾಗಿಲು ಮುಚ್ಚುವ ಮೊದಲು ನಿಲ್ಲುವುದು ರಾತ್ರಿಯೂಟವೇ.

ಅವರ ಮಾತಿನಲ್ಲೇ ನಮಗೊಂದು ದಾರಿಯೂ ಇದೆ. ರಾತ್ರಿಯೂಟ ಇನ್ನೂ ನಡೆಸುತ್ತಿರುವವರಿಗೆ ನಾಲ್ಕು ಗಂಟೆಗೆ ಒಂದು ಫೋನ್ ಮಾಡಿ ಎಷ್ಟು ಜನ, ಎಷ್ಟು ಹೊತ್ತಿಗೆ ಎಂದು ತಿಳಿಸಿ. ಸೈಕಲ್ಲಿನವರು ಎಂದೂ ಹೇಳಿ. ಇಬ್ಬರಿಗೆ ನಾಲ್ವರ ಅಕ್ಕಿ ಹಾಕುತ್ತಾರೆ. ಆಮೇಲೆ ಪಂಕ್ಚರ್ ಆದರೂ ಸರಿ, ಹೇಳಿದ ಹೊತ್ತಿಗೆ ಹೋಗಿ ಉಂಡು ಬನ್ನಿ.