ಬಿಸಿಯೇರಿದರೆ ಅಡಗುವ ಬಿರುಕು

ವರದೆಯು ತುಂಗಭದ್ರೆಯನ್ನು ಕೂಡುವ ಸ್ಥಳದಲ್ಲಿ ಗಳಗನಾಥವೆಂಬ ಊರಿದೆ. ಹನ್ನೊಂದನೆಯ ಶತಮಾನದ ಚಾಲುಕ್ಯ ಶಿಲ್ಪಿಗಳ ಕೈಯಿಂದ ಮೂಡಿದ ಗಳಗೇಶ್ವರನ ಗುಡಿ ಅಲ್ಲಿ ಹೊಳೆಯ ದಂಡೆಯ ಮೇಲೆ ನಿಂತಿದೆ. ಊರಿನ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡ ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಪುಸ್ತಕಗಳ ಹೊರೆ ಹೊತ್ತು ಊರೂರು ತಿರುಗಿ ಮಾರಿದ ಸಂಗತಿಯನ್ನು ಕನ್ನಡಿಗರು ಬಲ್ಲರು. ಕಾಲ್ನಡಿಗೆಯಲ್ಲಿ ಹೋಗುವವರಿಗೆ ಸೈಲೆನ್ಸರಿನ ಚಿಂತೆಯಿಲ್ಲ. ಅದೇ ಊರಿನಲ್ಲಿ ಹುಟ್ಟಿ, ಹಾವೇರಿಯಲ್ಲಿ ನೆಲೆಸಿ, ಹಳೆಯದೊಂದು ಮಾರುತಿ 800 ಇಟ್ಟುಕೊಂಡ ಮಾಸ್ತರರೊಬ್ಬರ ಪಾಡು ಬೇರೆ.

1983ರಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಲ್ಲುವವರೆಗೆ ಎಷ್ಟೋ ಸಂಸಾರಗಳ ಮೊದಲ ಕಾರು ಎನಿಸಿಕೊಂಡದ್ದು ಅದು. ಮೂರು ಸಿಲಿಂಡರು, 796 ಸಿ.ಸಿ.ಯ ಪುಟ್ಟ ಎಂಜಿನ್. ಮಾಸ್ತರರ ತಾಯಿ ಊರು ಬಿಟ್ಟು ಬರಲೊಲ್ಲರು. ಹೀಗಾಗಿ ಪ್ರತಿ ಭಾನುವಾರ ಗುತ್ತಲದ ಹಾದಿ ಹಿಡಿದು ಸಂಸಾರಸಮೇತ ಪ್ರಯಾಣ. ಒಂದು ಮಳೆಗಾಲದಲ್ಲಿ ಎರಡು ತೊಂದರೆಗಳು ಕೂಡಿಯೇ ತಲೆದೋರಿದವು. ಮುಂಜಾನೆ ಎಂಜಿನ್ ಚಾಲೂ ಮಾಡಿದೊಡನೆ ಟಿಕ್ ಟಿಕ್ ಎಂಬ ಸದ್ದು. ಕೆಲವು ಮೈಲಿ ಹೋಗುವಷ್ಟರಲ್ಲಿ ಅದು ಮಾಯ. ಇತ್ತ ಹಿಂದಿನ ಸೀಟಿನಲ್ಲಿ ಕುಳಿತ ಎಂಟು ವರ್ಷದ ಮಗಳಿಗೆ ತಲೆನೋವು, ಮಂಪರು, ಒಮ್ಮೊಮ್ಮೆ ವಾಂತಿ. ಇವೆರಡಕ್ಕೂ ನಂಟುಂಟೆಂದು ಯಾರಿಗೂ ಹೊಳೆಯಲಿಲ್ಲ. ಮಾಸ್ತರರು ಮಗುವಿನ ಕೈಗೆ ನಿಂಬೆಹಣ್ಣು ಕೊಟ್ಟರು. ಅಜ್ಜಿ ದೃಷ್ಟಿ ತೆಗೆದರು.

ಸದ್ದಿನ ಸಲುವಾಗಿ ಗಾಡಿಯನ್ನು ಎರಡು ಸಲ ಗ್ಯಾರೇಜಿಗೆ ಒಯ್ದದ್ದುಂಟು. ಒಯ್ದದ್ದು ಶಾಲೆ ಬಿಟ್ಟ ಮೇಲೆ, ಸಂಜೆ, ಎಂಜಿನ್ ಕಾದಿರುವಾಗ. ಸದ್ದೇ ಇಲ್ಲದ ಎಂಜಿನ್ನಿಗೆ ಕಿವಿಗೊಟ್ಟವರು ಟ್ಯಾಪೆಟ್ ಇರಬೇಕೆಂದು ಊಹಿಸಿ, ಅದನ್ನು ಸರಿಪಡಿಸಿ ಕಳಿಸಿದರು. ಮೂರನೆಯ ಸಲ ಸಿಕ್ಕವನು ವಯಸ್ಸಾದ ಮಿಸ್ತ್ರಿ. ಆತ ಬಾನೆಟ್ಟನ್ನೂ ಎತ್ತಲಿಲ್ಲ.

"ಮಾಸ್ತರ್, ರಾತ್ರಿ ಗಾಡಿ ಇಲ್ಲೇ ಬಿಡ್ರಿ. ಮುಂಜಾನೆ ಥಂಡ ಇದ್ದಾಗ ಅದು ತಾನೇ ಹೇಳತೈತಿ."

ಮಾತು ಸರಿಯಾಗಿತ್ತು. ಸಿಲಿಂಡರುಗಳಲ್ಲಿ ಉರಿದ ಹೊಗೆಯನ್ನು ಒಂದುಗೂಡಿಸಿ ಸೈಲೆನ್ಸರಿನ ಕೊಳವೆಗೆ ಸೇರಿಸುವ ಕವಲುಕೊಳವೆಗೆ ಎಗ್ಸಾಸ್ಟ್ ಮ್ಯಾನಿಫೋಲ್ಡ್ ಎಂದು ಹೆಸರು. ಅದನ್ನು ಬೀಡುಕಬ್ಬಿಣದಿಂದ ಎರಕ ಹೊಯ್ದಿರುತ್ತಾರೆ. ಬೀಡು ಕಾವನ್ನು ತಾಳುತ್ತದೆ. ಆದರೆ ಬಾಗುವುದನ್ನರಿಯದು, ಬಾಗಿಸಹೋದರೆ ಸೀಳುತ್ತದೆ. ತಣ್ಣಗಿರುವಾಗ ಆ ಸೀಳಿನಿಂದ ಹೊಗೆ ಸಿಡಿದು ಟಿಕ್ ಎನ್ನುತ್ತದೆ. ಕಾದ ಮೇಲೆ ಲೋಹ ಹಿಗ್ಗಿ ಸೀಳಿನ ತುಟಿಗಳು ಕೂಡುತ್ತವೆ, ಸದ್ದು ಅಡಗುತ್ತದೆ. ಸದ್ದಡಗಿತೆಂದು ಸೋರಿಕೆ ಪೂರ್ತಿ ನಿಲ್ಲುವುದಿಲ್ಲ, ಇದೇ ಅದರ ಮೋಸ.

ಮರುದಿನ ಬೆಳಗ್ಗೆ ಮಾಸ್ತರರೊಡನೆ ಅವರ ಪತ್ನಿಯೂ ಬಂದರು. ಮಿಸ್ತ್ರಿ ಹುಡುಗನಿಗೆ ದಪ್ಪನೆಯ ಒದ್ದೆ ಬಟ್ಟೆ ಕೊಟ್ಟು, ಹೊಗೆಕೊಳವೆಯ ಬಾಯನ್ನು ಎರಡು ಕ್ಷಣ ಒತ್ತಿಹಿಡಿಯಲು ಹೇಳಿದ. ಹೊರದಾರಿ ಮುಚ್ಚಿದೊಡನೆ ಮುಂದುಗಡೆಯ ಟಿಕ್ ಟಿಕ್ ಬುಸುಗುಟ್ಟತೊಡಗಿತು. ರಬ್ಬರ್ ನಳಿಕೆಯ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಮ್ಯಾನಿಫೋಲ್ಡಿನುದ್ದಕ್ಕೂ ಆಡಿಸಿದಾಗ ಕೊನೆಯ ಕವಲಿನ ಬುಡ ಪತ್ತೆಯಾಯಿತು. ಅಲ್ಲಿ ಕಾಡಿಗೆ ತೀಡಿದಂಥ ಮಸಿಯ ಗೆರೆ.

ಆಗ ಆ ತಾಯಿ ಕೇಳಿದ ಪ್ರಶ್ನೆ ಅಂದಿನ ಎಲ್ಲ ಪರೀಕ್ಷೆಗಳಿಗಿಂತ ದೊಡ್ಡದು.

"ಮಳೆ ಅಂತ ಕಾಚು ಏರಿಸಿದಾಗ ಮಾತ್ರ ಮಗಳಿಗೆ ತಲೆ ನೋಯತದ. ಈ ಹೊಗೀ ಒಳಗ ಬರತದೇನ್ರಿ?"

ಮಿಸ್ತ್ರಿ ಪಾನಾ ಕೆಳಗಿಟ್ಟ. "ಬರತೈತ್ರಿ ಅಕ್ಕಾರ. ರಿಪೇರಿ ಆಗೂತನಕ ಕೂಸಿನ್ನ ಈ ಗಾಡಿಯೊಳಗ ಕೂಡಸಬ್ಯಾಡ್ರಿ."

ಪೆಟ್ರೋಲು ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಅಪ್ಪಿಕೊಳ್ಳುತ್ತದೆ. ಮೊದಲು ತಲೆನೋವು, ಓಕರಿಕೆ, ಮಂಪರು. ಹೆಚ್ಚಾದರೆ ಎಚ್ಚರ ತಪ್ಪಿ ಪ್ರಾಣಕ್ಕೇ ಸಂಚಕಾರ. ಎಂಜಿನ್ನಿಗೂ ಒಳಗಿನ ಆಸನಗಳಿಗೂ ನಡುವಣ ತಗಡಿನಲ್ಲಿ ತಂತಿಗಳು ನುಸುಳುವ ರಂಧ್ರಗಳಿರುತ್ತವೆ. ಅವುಗಳ ರಬ್ಬರು ಹಳತಾದರೆ ಹೊಗೆಗೆ ಅಷ್ಟೇ ದಾರಿ ಸಾಕು. ಪ್ರಯಾಣದಲ್ಲಿ ಮಕ್ಕಳು ವಾಂತಿ ಮಾಡುವುದು ಎಷ್ಟು ಸಾಮಾನ್ಯವೆಂದರೆ, ಅದಕ್ಕೆ ಬೇರೊಂದು ಕಾರಣವಿದ್ದೀತೆಂದು ಯಾವ ತಂದೆಯೂ ಸುಲಭವಾಗಿ ಶಂಕಿಸಲಾರ.

ಮ್ಯಾನಿಫೋಲ್ಡನ್ನು ಬಿಚ್ಚುವುದೇ ಒಂದು ತಪಸ್ಸು. ವರ್ಷಗಟ್ಟಲೆ ಕಾದು ತಣಿದು ತುಕ್ಕು ಹಿಡಿದ ನಟ್ಟುಗಳು ಅವಸರಿಸಿದರೆ ಬೋಲ್ಟನ್ನೇ ಮುರಿಯುತ್ತವೆ. ಎಣ್ಣೆ ಹನಿಸಿ ಒಂದು ದಿನ ಬಿಟ್ಟು ಬಿಚ್ಚಿದ್ದಾಯಿತು. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸರು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತಾರಲ್ಲವೇ? ಮಿಸ್ತ್ರಿ ಅದನ್ನು ತಂತಿಗೆ ತೂಗುಹಾಕಿ ಹಾಗೆಯೇ ತಟ್ಟಿದ. ಖಣ್ ಎನ್ನಬೇಕಾದದ್ದು ಬದ್ ಎಂದಿತು. ಬಳಿಕ ಸೀಳಿನ ಉದ್ದವನ್ನು ಅಳೆಯಬೇಕಿತ್ತು. ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರೆ ಬಿರುಕಿನೊಳಗೆ ಉಳಿದ ಎಣ್ಣೆ ಹೊರಗೆ ಜಿನುಗಿ ಬಿಳಿಯ ಮೇಲೆ ಕಪ್ಪು ಗೆರೆ ಬರೆಯುತ್ತದೆ. ಸುಣ್ಣದ ಕಡ್ಡಿ ಮಾಸ್ತರರ ಜೇಬಿನಲ್ಲೇ ಇತ್ತು! ಕಣ್ಣಿಗೆ ಒಂದು ಅಂಗುಲ ಕಂಡ ಬಿರುಕು ಎರಡು ಅಂಗುಲವಿತ್ತು.

ಲೇಪ ಮೆತ್ತಿ ಮುಚ್ಚಬಹುದೆಂದು ಸಲಹೆ ಕೊಟ್ಟವರಿದ್ದರು. ಕೆಂಪಗೆ ಕಾಯುವ ಕೊಳವೆಯ ಮೇಲೆ ಅಂಥ ಲೇಪ ಹೆಚ್ಚು ದಿನ ನಿಲ್ಲದು. ಹಿತ್ತಾಳೆಯ ಬೆಸುಗೆಯೂ ಆ ಕಾವಿನಲ್ಲಿ ಸತ್ತ್ವ ಕಳೆದುಕೊಳ್ಳುತ್ತದೆ. ಕೊನೆಗೆ ರಾಣೆಬೆನ್ನೂರಿನ ಬೀಡು ಬೆಸೆಯಬಲ್ಲ ಕುಶಲಿಯೊಬ್ಬನಿಗೆ ಒಪ್ಪಿಸಿದರು. ಆತ ಬಿರುಕಿನ ಎರಡು ತುದಿಗಳಲ್ಲೂ ಸಣ್ಣ ತೂತು ಕೊರೆದ. ತುದಿ ದುಂಡಗಾದರೆ ಸೀಳು ಮುಂದಕ್ಕೆ ಓಡುವುದಿಲ್ಲ. ಬಿರುಕನ್ನು ಕಾಲುವೆಯಂತೆ ತೋಡಿ, ಇಡೀ ತುಂಡನ್ನು ಮಂದ ಕೆಂಪಾಗುವವರೆಗೆ ಇದ್ದಿಲಿನಲ್ಲಿ ಕಾಯಿಸಿ, ನಿಕ್ಕಲ್ ಕಡ್ಡಿಯಿಂದ ಅಂಗುಲ ಅಂಗುಲವಾಗಿ ಬೆಸೆಯುತ್ತ, ಪ್ರತಿ ಸಲವೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದ. ಮುಗಿದ ಮೇಲೆ ಬೂದಿಯ ರಾಶಿಯಲ್ಲಿ ಹುಗಿದು ರಾತ್ರಿಯಿಡೀ ಆರಲು ಬಿಟ್ಟ. ಗಾಳಿಗೆ ತಟ್ಟನೆ ತಣಿದರೆ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಬಾಯ್ದೆರೆಯುತ್ತದೆ. ಮರುದಿನ ಎಂಜಿನ್ನಿಗೆ ಕೂಡುವ ಮುಖವನ್ನು ಉಜ್ಜಿ ಸಮಮಾಡಿದ್ದು ಅವನ ಕೊನೆಯ ಕೆಲಸ. ಅದು ಓರೆಯಿದ್ದರೆ ಹೊಸ ಗ್ಯಾಸ್ಕೆಟ್ಟೂ ವ್ಯರ್ಥ.

ಆದರೆ ಅದು ಸೀಳಿದ್ದೇಕೆ? ಗಾಡಿಯ ಕೆಳಗೆ ಮಲಗಿ ನೋಡಿದಾಗ ಸೈಲೆನ್ಸರನ್ನು ತೂಗಿಹಿಡಿಯುವ ರಬ್ಬರಿನ ಉಂಗುರವೊಂದು ಹರಿದಿತ್ತು. ಕೊಳವೆಯ ಭಾರವೆಲ್ಲ ಮ್ಯಾನಿಫೋಲ್ಡಿನ ಕೊರಳಿಗೆ ಜೋತುಬಿದ್ದು, ರಸ್ತೆಯ ಪ್ರತಿ ಗುಂಡಿಯಲ್ಲೂ ಅದನ್ನು ಜಗ್ಗುತ್ತಿತ್ತು. ಕೊನೆಯ ನಟ್ಟು ಎಂದೋ ಉದುರಿಹೋಗಿತ್ತು. ಜೊತೆಗೆ ಮಳೆಗಾಲದ ಹೊಂಡಗಳ ತಣ್ಣೀರು ಕಾದ ಬೀಡಿಗೆ ಚಿಮ್ಮಿರಲೂ ಸಾಕು. ಇವನ್ನು ಹಾಗೆಯೇ ಬಿಟ್ಟಿದ್ದರೆ ಬೆಸುಗೆಯ ಹಣ ಹೊಳೆಗೆ ಹಾಕಿದಂತಾಗುತ್ತಿತ್ತು. ಹೊಸ ಕಾರುಗಳಲ್ಲಿ ಹೊಗೆಯ ಆಮ್ಲಜನಕವನ್ನು ಅಳೆಯುವ ಸೆನ್ಸರ್ ಇರುತ್ತದೆ. ಬಿರುಕಿನಿಂದ ಹೊರಗಿನ ಗಾಳಿ ಒಳಸೇರಿದರೆ ಅದೂ ಮೋಸಹೋಗಿ ಪೆಟ್ರೋಲನ್ನು ಹೆಚ್ಚಾಗಿ ಸುರಿಸುತ್ತದೆ.

ನಟ್ಟುಗಳನ್ನು ನಡುವಿನಿಂದ ಎರಡೂ ಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಗಿದ ಮಿಸ್ತ್ರಿ, ನಾಲ್ಕು ದಿನ ಓಡಿಸಿದ ಮೇಲೆ ಮತ್ತೆ ತರಬೇಕೆಂದ. "ಕಾದು ತಣ್ಣಗಾದ ಮ್ಯಾಗ ಸಡ್ಲ ಆಗತಾವ್ರಿ. ಬರೂದಾದ್ರ ಮುಂಜಾನೇನ ಬರ್ರಿ." ಮುಂದಿನ ಭಾನುವಾರ ಗುತ್ತಲದ ಹಾದಿಯಲ್ಲಿ ಮಳೆ ಹಿಡಿಯಿತು. ಮಗಳು ನಿದ್ದೆ ಮಾಡಲಿಲ್ಲ. ಹೊಳೆ ಎಷ್ಟು ಬಂದಿದೆಯೆಂದು ದಾರಿಯುದ್ದಕ್ಕೂ ಕೇಳುತ್ತಲೇ ಇದ್ದಳು. ಆದರೂ ಅವಳ ತಾಯಿ ತನ್ನ ಬದಿಯ ಗಾಜನ್ನು ಎರಡು ಬೆರಳಿನಷ್ಟು ಇಳಿಸಿಯೇ ಇಟ್ಟಿದ್ದರು. ಸೆರಗು ತೊಯ್ಯುತ್ತಿದ್ದರೂ ಏರಿಸಲಿಲ್ಲ.