ವಾರದ ಕೊನೆಯ ಎರಡು ದಿನ

ಜರ್ಮನಿಯವರು ಭಾನುವಾರವನ್ನು ತಮ್ಮ ಸಂವಿಧಾನದಲ್ಲಿಯೇ ಬರೆದಿಟ್ಟುಕೊಂಡಿದ್ದಾರೆ. 1919ರ ವೈಮಾರ್ ಸಂವಿಧಾನದಲ್ಲಿ ಭಾನುವಾರದ ವಿಶ್ರಾಂತಿಯನ್ನು ಕಾಪಾಡತಕ್ಕದ್ದೆಂಬ ಒಂದು ವಿಧಿಯಿತ್ತು. 1949ರಲ್ಲಿ ಹೊಸ ಸಂವಿಧಾನ ಮಾಡಿಕೊಂಡಾಗ ಅದನ್ನು ಹಾಗೆಯೇ ಉಳಿಸಿಕೊಂಡರು. ಆದ್ದರಿಂದ ಆ ದಿನ ಅಂಗಡಿ ಮುಂಗಟ್ಟುಗಳೆಲ್ಲ ಮುಚ್ಚಿರುತ್ತವೆ. ಗೋಡೆಗೆ ಒಂದು ಮೊಳೆ ಹೊಡೆಯಲೂ ಜನ ಹಿಂಜರಿಯುತ್ತಾರೆ. ಮನೆ ತುಂಬ ಜನರಿರುವವನಿಗೆ ಇಂಥ ಭಾನುವಾರ ದೇವರು ಕೊಟ್ಟ ವರ. ಒಂದೇ ಕೋಣೆಯಲ್ಲಿ ತನ್ನ ಅನ್ನ ತಾನೇ ಬೇಯಿಸಿಕೊಂಡಿರುವವನಿಗೆ ಅದು ಎಷ್ಟು ಉದ್ದವಾದ ದಿನವೆಂಬುದನ್ನು ಅನುಭವಿಸಿಯೇ ತಿಳಿಯಬೇಕು.

2023ರ ಅಕ್ಟೋಬರಿನಿಂದ ಒಂದು ವರ್ಷದ ಮಟ್ಟಿಗೆ, ಕನ್ನಡ ಕಲಿಸುವ ಕೆಲಸದ ಮೇಲೆ, ನಾನು ಹೈಡೆಲ್‌ಬರ್ಗಿನಲ್ಲಿದ್ದೆ. ಶಿಷ್ಯರು ಐದು ಜನ. ನಮ್ಮ ಕಾಲೇಜಿನಲ್ಲಿ ಹಿಂದಿನ ಬೆಂಚಿಗೆ ಸಾಲದಷ್ಟು. ಆದರೆ ಐವರೂ ಅಲ್ಪಪ್ರಾಣ ಮಹಾಪ್ರಾಣಗಳನ್ನು ನಮ್ಮ ಹುಡುಗರಿಗಿಂತ ಚೆನ್ನಾಗಿ ಉಚ್ಚರಿಸುತ್ತಿದ್ದರೆಂದು ಹೇಳಿದರೆ ಯಾರೂ ಬೇಸರಿಸಬಾರದು. ನಾವು ‘ಊಟ ಆಯಿತೆ?’ ಎನ್ನುವ ಹಾಗೆ ಅಲ್ಲಿನ ಸಹೋದ್ಯೋಗಿಗಳು ಶುಕ್ರವಾರ ಬಂತೆಂದರೆ ‘ಈ ವಾರ ಎಲ್ಲಿಗೆ?’ ಎಂದು ಕೇಳುತ್ತಿದ್ದರು. ತಿಂಗಳಿಗೆ 49 ಯೂರೋ ಕೊಟ್ಟರೆ ದೇಶದ ಸಾಧಾರಣ ರೈಲುಗಳಲ್ಲೆಲ್ಲ ಓಡಾಡಬಹುದಾದ ಒಂದು ಟಿಕೇಟು 2023ರ ಮೇ ತಿಂಗಳಿನಿಂದ ಜಾರಿಗೆ ಬಂದಿತ್ತು. 2025ರಲ್ಲಿ ಅದರ ಬೆಲೆ 58ಕ್ಕೇರಿತು, ನಾನಿದ್ದಾಗ ಅಗ್ಗ. ಹೀಗಾಗಿ ‘ಎಲ್ಲಿಗೂ ಇಲ್ಲ’ ಎನ್ನಲು ಖರ್ಚಿನ ನೆಪವೂ ಇರಲಿಲ್ಲ.

ಇದನ್ನು ಫೋನಿನಲ್ಲಿ ನನ್ನ ತಾಯಿಗೆ ತಿಳಿಸಿ ಹೇಳುವುದೇ ಕಷ್ಟವಾಯಿತು.

“ಯಾರ ಮನೇಗೋ ಹೋಗೋದು?”

“ಯಾರ ಮನೇಗೂ ಅಲ್ಲಮ್ಮ, ಸುಮ್ನೆ ಊರು ನೋಡಿಕೊಂಡು ಬರೋಕೆ.”

“ಸುಮ್ನೆ ಯಾರಾದ್ರೂ ಇನ್ನೊಂದೂರಿಗೆ ಹೋಗ್ತಾರೇನೋ?”

ಅವಳ ಪ್ರಶ್ನೆ ನ್ಯಾಯವಾದದ್ದೇ. ಅವಳ ಎಪ್ಪತ್ತೆಂಟು ವರ್ಷಗಳಲ್ಲಿ ಊರು ಬಿಟ್ಟು ಹೋದದ್ದು ಮದುವೆಗೆ, ಬಾಣಂತನಕ್ಕೆ, ಸಾವಿಗೆ, ದೇವರಿಗೆ. ನೋಡುವುದಕ್ಕೆಂದೇ ಹೋಗುವುದು ಅವಳ ಪಟ್ಟಿಯಲ್ಲಿಲ್ಲ. ಅದಲ್ಲದೆ ಆ ವರ್ಷ ಅವಳಿಗೆ ಮರೆವು ಹೆಚ್ಚುತ್ತಿತ್ತು. ಒಂದೇ ಮಾತುಕತೆಯಲ್ಲಿ ಮೂರು ಸಲ ‘ಯಾವಾಗ ಬರ್ತೀಯೋ?’ ಎನ್ನುತ್ತಿದ್ದಳು. ಮೂರು ಸಲವೂ ನಾನು ತಾರೀಖು ಹೇಳುತ್ತಿದ್ದೆ. ಜೂನ್ ತಿಂಗಳಲ್ಲಿ, ಇನ್ನೂ ಒಂದು ವರ್ಷ ಇರಲು ಸಾಧ್ಯವೇ ಎಂದು ವಿಭಾಗದವರು ಕೇಳಿದರು. ಸೋಮವಾರ ಉತ್ತರ ಕೊಡಬೇಕು. ಸಂಬಳ ಒಳ್ಳೆಯದು, ಮಗಳ ಓದು ಎದುರಿಗಿದೆ. ‘ನೀವೇ ಯೋಚಿಸಿ’ ಎಂದು ನನ್ನಾಕೆ ಭಾರವನ್ನೆಲ್ಲ ನನ್ನ ತಲೆಗೇ ಬಿಟ್ಟಳು. ಕೋಣೆಯಲ್ಲಿ ಕುಳಿತು ಯೋಚಿಸಿದಷ್ಟೂ ಗೋಡೆಗಳು ಹತ್ತಿರವಾದವು. ಶನಿವಾರ ಬೆಳಿಗ್ಗೆ ಟ್ಯೂಬಿಂಗನ್ನಿಗೆ ಹೊರಟೆ.

ಹೈಡೆಲ್‌ಬರ್ಗಿನ ಹಾಗೆ ಟ್ಯೂಬಿಂಗನ್ನೂ ನೆಕ್ಕರ್ ನದಿಯ ದಡದ ಊರು. ಸ್ಟುಟ್‌ಗಾರ್ಟಿನಲ್ಲಿ ಗಾಡಿ ಬದಲಾಯಿಸಿದ ಮೇಲೆ ಎಸ್ಲಿಂಗನ್ ಸಿಗುತ್ತದೆ. ಮಂಗಳೂರಿನಲ್ಲಿ 1843ರ ಜುಲೈಯಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗರು 1881ರಲ್ಲಿ ತೀರಿಕೊಂಡದ್ದು ಅಲ್ಲಿ. ಓದುಗರು ಕೈಯಲ್ಲಿ ಹಿಡಿದಿರುವ ಈ ಪತ್ರಿಕೆಯ ವಂಶದ ಮೂಲಪುರುಷರು ಅವರು. ಗಾಡಿ ಅಲ್ಲಿ ಒಂದು ನಿಮಿಷ ನಿಂತು ಹೊರಟಿತು. ಇಳಿದವರಲ್ಲಿ ಯಾರಿಗೂ ಆ ಹೆಸರು ಗೊತ್ತಿದ್ದಂತೆ ಕಾಣಲಿಲ್ಲ.

ಟ್ಯೂಬಿಂಗನ್ನಿನಲ್ಲಿ ನೀರಿಗೆ ತಾಗಿದಂತೆ ಹಳದಿ ಬಣ್ಣದ ಒಂದು ಗೋಪುರವಿದೆ. ಬುದ್ಧಿ ಕದಡಿದ ಕವಿ ಹೋಲ್ಡರ್ಲಿನ್ ಒಬ್ಬ ಬಡಗಿಯ ಆಶ್ರಯದಲ್ಲಿ 1807ರಿಂದ 36 ವರ್ಷ ಅಲ್ಲಿದ್ದು, 1843ರ ಜೂನ್‌ನಲ್ಲಿ ಸತ್ತ. ನಮ್ಮ ಮೊದಲ ಪತ್ರಿಕೆ ಹುಟ್ಟುವುದಕ್ಕೆ ಒಂದು ತಿಂಗಳೂ ಉಳಿದಿರಲಿಲ್ಲ. ಮೋಗ್ಲಿಂಗರು ಇದೇ ಊರಿನಲ್ಲಿ ದೇವತಾಶಾಸ್ತ್ರ ಓದಿದವರು. ಆ ಗೋಪುರದ ಕೆಳಗೆ ಎಷ್ಟು ಸಲ ಓಡಾಡಿದರೋ!

ಆದರೆ ನನ್ನನ್ನು ಅಲ್ಲಿಗೆಳೆದದ್ದು ಕಿಟೆಲ್ಲರು. ಹುಟ್ಟಿದ್ದು ಉತ್ತರದ ಕಡಲ ಸೀಮೆಯಲ್ಲಿ. ಅಂದರೆ ಟ್ಯೂಬಿಂಗನ್ ಅವರಿಗೂ ಸ್ವಂತ ಊರಲ್ಲ. 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಕನ್ನಡ ನಾಡಿಗೆ ಬಂದರು. ಸುಮಾರು 70 ಸಾವಿರ ಶಬ್ದಗಳ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಡಾಕ್ಟರೇಟ್ ಕೊಟ್ಟು ಗೌರವಿಸಿತು. ಕೊನೆಗಾಲದಲ್ಲಿ ಆ ಊರಿನಲ್ಲೇ ಇದ್ದರು. ಕನ್ನಡ ವ್ಯಾಕರಣ ಹೊರಬಂದದ್ದು 1903ರಲ್ಲಿ. ಅದೇ ಡಿಸೆಂಬರಿನಲ್ಲಿ ಕಣ್ಣುಮುಚ್ಚಿದರು. ಸೇತುವೆಯ ಮೇಲೆ ನಿಂತು ನಾನು ಇಷ್ಟನ್ನೇ ಯೋಚಿಸುತ್ತಿದ್ದೆ: ಆ ಮುದುಕರಿಗೆ ಇಲ್ಲಿ ಒಂದು ಮಾತಿನ ಬಗ್ಗೆ ಸಂದೇಹ ಬಂದರೆ ಯಾರನ್ನು ಕೇಳುತ್ತಿದ್ದರು? ಸುತ್ತ ಒಬ್ಬನೂ ಕನ್ನಡ ಆಡುವವನಿಲ್ಲ; ಕಾಗದ ಬರೆದರೆ ಹಡಗಿನಲ್ಲಿ ಹೋಗಬೇಕು, ಉತ್ತರ ಹಡಗಿನಲ್ಲಿ ಬರಬೇಕು.

ಕೆಳಗೆ ಉದ್ದನೆಯ ದೋಣಿಗಳು ಹೋಗುತ್ತಿದ್ದವು. ಹುಟ್ಟು ಹಾಕುವುದಿಲ್ಲ; ಹಿಂದೆ ಒಬ್ಬ ನಿಂತು ಮರದ ಉದ್ದ ಕೋಲನ್ನು ಹೊಳೆಯ ತಳಕ್ಕೆ ಊರಿ ನೂಕುತ್ತಾನೆ. ಆ ಕೋಲಿಗೆ ಕನ್ನಡದಲ್ಲಿ ಏನನ್ನುತ್ತಾರೆ? ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದ ನಾಲಗೆಗೆ ಮಾತು ಬರಲಿಲ್ಲ.

ರಾತ್ರಿ ಒಂದು ಸಣ್ಣ ವಸತಿಗೃಹದಲ್ಲಿ ತಂಗಿದ್ದು, ಭಾನುವಾರ ಬೆಳಿಗ್ಗೆ ಫೋನು ಮಾಡಿದೆ. ಅಲ್ಲಿಗಿಂತ ನಮ್ಮಲ್ಲಿ ಮೂರೂವರೆ ಗಂಟೆ ಮುಂದೆ; ಅಮ್ಮ ಊಟಕ್ಕೆ ಕೂರುವ ಹೊತ್ತು. ಯಾವ ಊರಿನಲ್ಲಿದ್ದೀ ಎಂದಳು, ಮತ್ತೆ ಅದನ್ನೇ ಕೇಳಿದಳು. ನಾನು ದೋಣಿಯ ವಿಷಯ ಹೇಳಿದೆ. ಅವಳ ತವರು ತುಂಗೆಯ ಆಚೆ ದಡದ ಹಳ್ಳಿ. ಸೇತುವೆಯಾಗುವ ಮೊದಲು ದೋಣಿಯಲ್ಲೇ ಓಡಾಟ.

“ಜಲ್ಲೆ ಕಣೋ,” ಎಂದಳು ತಡವಿಲ್ಲದೆ. “ಮಳೆಗಾಲದಲ್ಲಿ ಜಲ್ಲೆ ತಳಕ್ಕೆ ಸಿಗ್ತಿರ್ಲಿಲ್ಲ, ಹುಟ್ಟೇ ಹಾಕ್ಬೇಕು. ನಮ್ಮಪ್ಪ ಒಂದ್ಸಲ ನನ್ನ ಕೈಗೂ ಜಲ್ಲೆ ಕೊಟ್ಟಿದ್ರು, ದೋಣಿ ಗಿರಗಿರ ತಿರುಗಿಬಿಡ್ತು.” ಅಂಬಿಗನ ಹೆಸರು, ಅವನ ಹೆಂಡತಿಯ ಹೆಸರು, ಅವರು ವರ್ಷಕ್ಕೊಮ್ಮೆ ಮನೆಯಿಂದ ಒಯ್ಯುತ್ತಿದ್ದ ಭತ್ತದ ಲೆಕ್ಕ, ಎಲ್ಲ ಹೇಳಿದಳು. ಇಪ್ಪತ್ತು ನಿಮಿಷ ಎಲ್ಲಿಯೂ ತಪ್ಪಲಿಲ್ಲ. ಅಡುಗೆಮನೆಯಿಂದ ನನ್ನಾಕೆ “ಅತ್ತೆ, ಸಾರು ಆರಿಹೋಗತ್ತೆ” ಎಂದು ಕೂಗಿದ್ದು ಕೇಳಿಸಿತು. “ಬಂದೆ ಕಣೇ,” ಎಂದವಳು ನನ್ನ ಕಡೆ ತಿರುಗಿ, “ಅಂದಹಾಗೆ, ನೀನು ಯಾವಾಗ ಬರ್ತೀಯೋ?” ಎಂದಳು.

ಸೋಮವಾರ ಬೆಳಿಗ್ಗೆ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋಗಿ, ಸೆಪ್ಟೆಂಬರ್ ಕೊನೆಗೆ ಹೊರಡುತ್ತೇನೆಂದು ತಿಳಿಸಿದೆ. ಅವರು ಕಾರಣ ಕೇಳಲಿಲ್ಲ. ವಾರದ ಕೊನೆ ಹೇಗಿತ್ತು ಎಂದು ಮಾತ್ರ ಕೇಳಿದರು.